ಕೆಳಗಿನ ಮನೆಗೆ ಬಂದ ಮಂಚ

ಬಿಳಿ ಪ್ಲಾಸ್ಟರಿನ ದವಡೆಯ ಮೇಲೆ ಏನೋ ನಡೆಯುತ್ತಿತ್ತು. ಮೇಣದ ಚೂರಿರಬೇಕು ಎಂದುಕೊಂಡಳು ಅವಳು. ಬಿಸಿ ಚಾಕುವಿನಿಂದ ಕೆರೆಯುವಾಗ ಸಿಡಿದು ಬೀಳುವ ಚೂರುಗಳು ಹಾಗೆಯೇ ಕೆಂಪಗೆ, ಚಪ್ಪಟೆಯಾಗಿ ಇರುತ್ತವೆ. ಆದರೆ ಮೇಣ ನಡೆಯುವುದಿಲ್ಲ. ಹಲ್ಲಿನ ಸೆಟ್ಟು ಮಾಡಲೆಂದು ಲ್ಯಾಬಿಗೆ ಬಂದ, ಹಲ್ಲೊಂದೂ ಉಳಿಯದ ಯಾರದೋ ಮೇಲ್ದವಡೆಯ ಅಚ್ಚು ಅದು. ಬೋಳು ವಸಡಿನ ಏಣನ್ನು ಹಿಡಿದು, ಯಾವ ಅವಸರವೂ ಇಲ್ಲದೆ, ತನಗೆ ಗೊತ್ತಿರುವ ದಾರಿಯೆಂಬಂತೆ ಹುಳು ಹೋಗುತ್ತಿತ್ತು. ಅವಳು ಹೆಬ್ಬೆರಳಿನಿಂದ ಒತ್ತಿದಳು. ಒತ್ತುವ ಮೊದಲು ಅಕ್ಕಪಕ್ಕ ನೋಡಬೇಕಿತ್ತು, ನೋಡಲಿಲ್ಲ. ಒಣಗಿದ ಪ್ಲಾಸ್ಟರು ಏನು ಕೊಟ್ಟರೂ ಕುಡಿಯುತ್ತದೆ. ಕೆಂಪು ಕಲೆ ಹರಡಿ ನಿಂತಿತು; ಕೆರೆದಷ್ಟೂ ಒಳಗೆ ಇನ್ನೂ ಸ್ವಲ್ಪ ಕೆಂಪು ಇತ್ತು. ಪಕ್ಕದ ಮೇಜಿನಲ್ಲಿ ಪಿಂಗಾಣಿ ಹಲ್ಲುಗಳಿಗೆ ಬಣ್ಣ ಕೂರಿಸುವ ಹೆಂಗಸು ಕುಂಚವನ್ನು ಗಾಳಿಯಲ್ಲೇ ಹಿಡಿದು, ದನಿ ತಗ್ಗಿಸಿ, "ಮೇಡಂ, ಅದು ತಿಗಣೆ ಅಲ್ವಾ?" ಎಂದಳು. ದನಿ ತಗ್ಗಿಸಿದ್ದರಿಂದಲೇ ಎಲ್ಲರೂ ತಿರುಗಿ ನೋಡಿದರು.

ಬಾಯಿಬಿಟ್ಟು ಏನಾದರೂ ಅಂದಿದ್ದರೆ ಉತ್ತರ ಕೊಡಬಹುದಿತ್ತು. ಕೈ ತೊಳೆದುಕೊಂಡು ಬರುವಷ್ಟರಲ್ಲಿ ಗೋಡೆಯ ಮೊಳೆಯಲ್ಲಿ ಉಳಿದವರ ಬ್ಯಾಗುಗಳ ಜೊತೆ ತೂಗುತ್ತಿದ್ದ ಅವಳ ಬ್ಯಾಗು ಅಲ್ಲಿರಲಿಲ್ಲ. ಹೊರಗೆ ಚಪ್ಪಲಿಗಳ ಸಾಲಿನ ಕೊನೆಯಲ್ಲಿ ಕೂತಿತ್ತು. ಅದನ್ನು ಇಳಿಸಿದ ಪೊರಕೆಯ ಹಿಡಿ ಇನ್ನೂ ಮೇಜಿಗೆ ಒರಗಿಕೊಂಡಿತ್ತು. ಲ್ಯಾಬಿನ ಯಜಮಾನರು ಒಳಕೋಣೆಯಿಂದ ಬಂದರು. ಜ್ವರವೆಂದರೂ ಮಧ್ಯಾಹ್ನದವರೆಗೆ ಇದ್ದು ಹೋಗಿ ಎನ್ನುವ ಮನುಷ್ಯ, ಇವತ್ತು ತಾವಾಗಿಯೇ ರಜೆ ಕೊಟ್ಟರು. ಮನೆ ಕಡೆ ಸ್ವಲ್ಪ ನೋಡಿಕೊಳ್ಳಿ, ಎಲ್ಲರ ಮನೆಯಲ್ಲೂ ಆಗುವಂಥದ್ದೇ, ತಪ್ಪು ತಿಳಿಯಬೇಡಿ ಎಂದು ಹೇಳುತ್ತಲೇ ಇದ್ದರು, ಹೇಳುತ್ತ ಅವಳ ತೋಳುಗಳನ್ನು ನೋಡುತ್ತಿದ್ದರು. ಕಷ್ಟದ ಕೆಳದವಡೆಗಳೆಲ್ಲ ಅವಳ ಮೇಜಿಗೇ ಬರುತ್ತಿದ್ದವು. ಆ ಮೇಡಂ ಕೈಯಲ್ಲೇ ಆಗಲಿ ಎಂದು ಡಾಕ್ಟರುಗಳು ಹೇಳಿ ಕಳಿಸುತ್ತಿದ್ದರು. ಬಗ್ಗಿ ಬ್ಯಾಗನ್ನು ಎತ್ತಿಕೊಳ್ಳುವಾಗ ಅವಳಿಗೆ ಅದೊಂದೂ ತನ್ನದಲ್ಲ, ಇನ್ಯಾರ ಬಗ್ಗೆಯೋ ಕೇಳಿದ ಮಾತು ಅನ್ನಿಸಿತು.

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದಳು, ಬ್ಯಾಗನ್ನು ಯಾರಿಗೂ ತಾಗದಂತೆ ಹೊಟ್ಟೆಗೆ ಒತ್ತಿಕೊಂಡು. ಮನೆಯಲ್ಲಿನ ತಿಗಣೆ ಈ ಬಸ್ಸಿನ ಸೀಟಿನಿಂದಲೇ ಬಂದಿರಬೇಕು ಎಂದು ಕೆಲವು ದಿನ ಅನುಮಾನಿಸಿದ್ದಳು, ಆಸ್ಪತ್ರೆಯಿಂದ ಅಚ್ಚುಗಳು ಬರುವ ರಟ್ಟಿನ ಡಬ್ಬಿಗಳಿಂದ ಎಂದು ಕೆಲವು ದಿನ. ತಾನೇ ತಂದದ್ದು ಎಂಬುದರಲ್ಲಿ ಮಾತ್ರ ಅವಳಿಗೆ ಅನುಮಾನವಿರಲಿಲ್ಲ. ಅವಳ ಮೈಮೇಲೆ ಕೂತು ಬಾರದೆ ಇನ್ನು ಹೇಗೆ ತನ್ನ ಮನೆಯೊಳಗೆ ಬಂದೀತು? ಕಿಟಕಿಗಳಿಗೆ ಒತ್ತಾದ ಜಾಲರಿ, ಬಾಗಿಲ ಕೆಳಗಿನ ಸಂದಿಗೆ ರಬ್ಬರು ಪಟ್ಟಿ, ಸಿಂಕಿನ ಕೊಳವೆ ಗೋಡೆ ಹೊಗುವಲ್ಲಿ ಬಿಳಿ ಸಿಮೆಂಟು. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಲ್ಯಾಬಿನಲ್ಲಿ ಮಿಕ್ಕಿದ ಪ್ಲಾಸ್ಟರನ್ನು ಕಾಗದದಲ್ಲಿ ಕಟ್ಟಿ ತಂದು, ಕಲಸಿ, ವಸಡು ತಿದ್ದುವ ಸಣ್ಣ ಚಾಕುವಿನಿಂದ ತುಂಬಿಬಿಡುತ್ತಿದ್ದಳು. ನಮ್ಮಕ್ಕನ ಮನೆಗೆ ಇರುವೆ ಕೂಡ ಅರ್ಜಿ ಹಾಕ್ಕೊಂಡೇ ಬರಬೇಕು ಎಂದು ತಮ್ಮ ನೆಂಟರೆದುರು ನಗಿಸುತ್ತಿದ್ದ. ಅವನ ಹೆಂಡತಿ ಹಿಂದಿನಿಂದ ಅವಳಿಗೆ ಪಹರೆ ಅತ್ತಿಗೆ ಎಂದು ಹೆಸರಿಟ್ಟಿದ್ದಳು. ಅದು ಅವಳ ಕಿವಿಗೂ ಬಿದ್ದಿತ್ತು, ಕೇಳಿ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಮೇಲಿನ ಮನೆ ತಮ್ಮನದು, ಕೆಳಗಿನದು ಅವಳದು, ನಡುವೆ ಬೀದಿಬಾಗಿಲಿಂದ ನೇರ ಏರುವ ಮೆಟ್ಟಿಲು. ಅಮ್ಮ ಮೇಲಿದ್ದಳು. ಯಾರೂ ಯಾರನ್ನೂ ಕೇಳದೆ ಹಾಗೆಂದು ಆಗಿಹೋಗಿತ್ತು. ಒಬ್ಬಳೇ ಇದ್ದೀನಿ, ಬಂದು ಇರಮ್ಮ ಎಂದು ಕರೆದಾಗಲೆಲ್ಲ ಅಮ್ಮ ನೋಡೋಣ ಇರು ಎನ್ನುತ್ತಿದ್ದಳು, ಅಂಗಡಿಯಲ್ಲಿ ಬೇಡದ ಸಾಮಾನನ್ನು ಮುಟ್ಟಿ ನೋಡಿ ಕೆಳಗಿಡುವವರ ದನಿಯಲ್ಲಿ. ಅಮ್ಮನ ಹಲ್ಲಿನ ಸೆಟ್ಟು ಮಾಡಿದ್ದು ಅವಳೇ. ಮುಂದಿನ ಒಂದು ಹಲ್ಲನ್ನು ಬೇಕೆಂದೇ ಸ್ವಲ್ಪ ಸೊಟ್ಟ ಕೂರಿಸಿದ್ದಳು, ಅಮ್ಮನ ನಿಜವಾದ ಹಲ್ಲು ಹಾಗಿತ್ತೆಂದು, ನಗು ಬದಲಾಗಬಾರದೆಂದು. ಹೊಸದು ಮಾಡೋವಾಗಲಾದ್ರೂ ನೆಟ್ಟಗೆ ಮಾಡಬಾರದಿತ್ತೇ ಅತ್ತಿಗೆ ಎಂದಿದ್ದಳು ತಮ್ಮನ ಹೆಂಡತಿ. ಅಮ್ಮ ಕನ್ನಡಿ ನೋಡಿ, ನಾಲಗೆಯಿಂದ ಆ ಸೊಟ್ಟ ಹಲ್ಲನ್ನು ಮುಟ್ಟಿ ನೋಡಿಕೊಂಡಿದ್ದಳು. ಆ ಮುಟ್ಟಿ ನೋಡಿದ್ದನ್ನು ಅವಳು ಎಷ್ಟೋ ಕಾಲ ಇಟ್ಟುಕೊಂಡು ಬದುಕಿದ್ದಳು.

ಹೀಗಿರುವಾಗ ಒಂದು ರಜೆಯ ಬೆಳಿಗ್ಗೆ ಮೆಟ್ಟಿಲಿನಲ್ಲಿ ದಡಬಡ ಸದ್ದು. ತಮ್ಮನೂ ಆಳುಗಳೂ ಅಮ್ಮನ ಹಳೆಯ ಮರದ ಮಂಚವನ್ನು ಗೋಡೆಗೆ ತಾಗಿಸುತ್ತ ಇಳಿಸುತ್ತಿದ್ದರು. ಹಿಂದೆ ಅಮ್ಮ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು. ಅಮ್ಮನಿಗೆ ನಿನ್ನ ಹತ್ತಿರವೇ ಇರಬೇಕಂತೆ ಎಂದ ತಮ್ಮ, ಬೆವರೊರೆಸಿಕೊಳ್ಳುತ್ತ. ಅವಳು ನಂಬದೆ ಅಮ್ಮನ ಮುಖ ನೋಡಿದಳು. "ಹೂಂ ಕಣೆ," ಎಂದಳು ಅಮ್ಮ, "ಹತ್ತಿ ಇಳಿದು ಸಾಕಾಯ್ತು. ಇನ್ನು ನಿನ್ನ ಜೊತೆನೇ." ಅವಳು ಬೆಳಕಿನ ಕೋಣೆಯನ್ನು ಬಿಟ್ಟುಕೊಟ್ಟಳು. ತನ್ನ ಮಂಚವನ್ನು ಎಳೆದು ತಂದು ಪಕ್ಕದಲ್ಲೇ ಹಾಕಿಕೊಂಡಳು, ನಡುವೆ ಕೈ ಚಾಚಿದರೆ ಸಿಗುವಷ್ಟೇ ಜಾಗ. ಆ ಸಂಭ್ರಮದಲ್ಲಿ ಬಟ್ಟೆ ಒದ್ದೆ ಮಾಡಿ ಹಳೆಯ ಮಂಚವನ್ನು ಒರೆಸುವಾಗ ಕಾಲುಗಳ ಬುಡದಲ್ಲಿ ಜಿಡ್ಡಿನ ಉಂಗುರಗಳು ಕಂಡವು, ನಾಲ್ಕರಲ್ಲೂ ಒಂದೇ ಎತ್ತರಕ್ಕೆ. ಮೇಲಿನವರು ಎಣ್ಣೆ ಚೆಲ್ಲಿ ಒರೆಸಿಲ್ಲ, ಅಷ್ಟೇ ಅವರ ಕಸುಬು ಎಂದುಕೊಂಡಳು. ಸೋಪು ಹಾಕಿ ತಿಕ್ಕಿದಳು. ಮರ ಮರದ ಬಣ್ಣಕ್ಕೆ ಬರುವವರೆಗೆ ತಿಕ್ಕಿದಳು, ಗುನುಗುತ್ತ. ಈಗ ಬಸ್ಸಿನ ಕಂಬಿ ಹಿಡಿದು ನಿಂತಾಗಲೂ ನೆನಪಾದದ್ದು ಆ ಗುನುಗು ಮಾತ್ರ. ಯಾವ ಹಾಡೆಂದು ನೆನಪಾಗಲಿಲ್ಲ.

ಅಮ್ಮನ ಕತ್ತಿನ ಮೇಲೆ ಕೆಂಪು ಗುಳ್ಳೆಗಳು ಸಾಲಾಗಿ ಎದ್ದಾಗ ಅಮ್ಮ, ಸೆಕೆ ಕಣೆ, ಬೆವರುಸಾಲೆ ಎಂದಿದ್ದಳು. ತನ್ನ ತೋಳಿನ ಮೇಲೂ ಎದ್ದಾಗ ಅವಳೂ ಸೆಕೆ ಎಂದಳು. ಒಂದು ಮುಂಜಾವ ಹಾಸಿಗೆಯ ಹೊಲಿಗೆ ಬಿಡಿಸಿ ನೋಡಿದಾಗ ಮಡಿಕೆಯಲ್ಲಿ ಅವು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು, ಅವಳ ಮನೆಯಲ್ಲಿ, ಅವಳ ದಾರದ ಕೆಳಗೆ. ಅವಳಿಗೆ ಅಸಹ್ಯಕ್ಕಿಂತ ಮೊದಲು ಹುಟ್ಟಿದ್ದು ಭಯ: ಅಮ್ಮ ಹೊರಟುಬಿಡುತ್ತಾಳೆ. ಇಷ್ಟು ವರ್ಷ ಕರೆದು ಕರೆದು, ಕೊನೆಗೂ ಬಂದವಳನ್ನು ನಾನು ತಿಗಣೆ ತಂದು ಓಡಿಸಿಬಿಟ್ಟೆ. ಹಾಸಿಗೆಯನ್ನು ತಾರಸಿಯ ಬಿಸಿಲಿಗೆ ಹಾಕುವಂತಿರಲಿಲ್ಲ. ತಾರಸಿಗೆ ದಾರಿ ಮೇಲಿನವರ ಬಾಗಿಲ ಮುಂದೆ. ಅದಕ್ಕೇ ಇಸ್ತ್ರಿಪೆಟ್ಟಿಗೆ ಕಾಯಿಸಿ ಹೊಲಿಗೆಗಳ ಮೇಲೆ ಎಳೆದಳು, ಹೊದಿಕೆಗಳನ್ನು ಕುದಿಸಿದಳು, ಅಮ್ಮ ಸ್ನಾನಕ್ಕೆ ಹೋದಾಗ ಮಂಚದ ಸಂದಿಗಳಲ್ಲಿ ಮೇಣ ಕರಗಿಸಿ ಸುರಿದಳು. ಅಮ್ಮ ಬಂದು ಏನು ವಾಸನೆ ಎಂದರೆ ಲ್ಯಾಬಿನ ಕೆಲಸ ಮನೆಗೆ ತಂದಿದ್ದೀನಿ ಎನ್ನುವಳು. ಅಮ್ಮ ಅವಳ ಸುಟ್ಟ ಬೆರಳುಗಳನ್ನು ನೋಡಿ ಸುಮ್ಮನಾಗುವಳು. ಆ ಸುಮ್ಮನಾಗುವುದರಲ್ಲಿ ಎಂಥ ದೊಡ್ಡತನ ಕಂಡಿತ್ತು ಅವಳಿಗೆ. ಅಮ್ಮನಿಗೆ ಗೊತ್ತಿದೆ, ನನಗೆ ನಾಚಿಕೆಯಾಗಬಾರದೆಂದು ಕಚ್ಚಿಸಿಕೊಂಡು ಸುಮ್ಮನಿದ್ದಾಳೆ. ಹೀಗೆಂದು ಒಮ್ಮೆ ಅಡುಗೆಮನೆಯಲ್ಲಿ ನಿಂತು ಅತ್ತಿದ್ದಳು ಕೂಡ.

ಬಸ್ಸಿಳಿದು ಮನೆ ಸೇರುವ ಹೊತ್ತಿಗೆ ಅವಳು ತೀರ್ಮಾನ ಮಾಡಿಯಾಗಿತ್ತು. ಮೇಲೆ ಹೋಗಿ ಹೇಳಿಬಿಡಬೇಕು. ತಪ್ಪು ನನ್ನದು, ಹೊರಗಿನಿಂದ ತಂದಿದ್ದೇನೆ, ನಿಮಗೂ ಹತ್ತಿರಬಹುದು, ಕೂಸಿರುವ ಮನೆ, ನೋಡಿಕೊಳ್ಳಿ. ಮೆಟ್ಟಿಲು ಹತ್ತುತ್ತ ಮಾತುಗಳನ್ನು ಜೋಡಿಸಿಕೊಂಡಳು. ತಮ್ಮನ ಹೆಂಡತಿ ಬಾಗಿಲನ್ನು ಅರ್ಧ ತೆರೆದು ನೋಡಿ, "ಅತ್ತಿಗೆ, ಬ್ಯಾಗು ಅಲ್ಲೇ ಆಚೆ ಇಟ್ಬಿಡಿ, ಚಪ್ಪಲಿ ಹತ್ರ," ಎಂದಳು. ಅವಳು ಇಟ್ಟಳು. ಬಗ್ಗಿ ಇಟ್ಟು ಮೇಲೇಳುವಾಗ ಹೊಳೆಯಿತು: ನಾನಿನ್ನೂ ಏನೂ ಹೇಳಿಲ್ಲ. ತಮ್ಮನ ಹೆಂಡತಿಯ ಕಣ್ಣು ಅವಳ ಮೊಣಕೈಯ ಒಳಮಗ್ಗುಲಿಗೆ ಹೋಗಿ ನಿಂತಿತ್ತು, ಎಲ್ಲಿ ಹುಡುಕಬೇಕೆಂದು ಗೊತ್ತಿದ್ದವರ ಹಾಗೆ. ಆಕೆಯ ಭುಜದಾಚೆ ಕೋಣೆಯ ಬಾಗಿಲು ತೆರೆದಿತ್ತು. ಮಂಚದ ಕಾಲುಗಳು ಸ್ಟೀಲಿನ ಬಟ್ಟಲುಗಳಲ್ಲಿ ನಿಂತಿದ್ದವು, ಹುಳು ಹತ್ತದಂತೆ ಬಟ್ಟಲುಗಳಲ್ಲಿ ಎಣ್ಣೆ. ತೊಟ್ಟಿಲಿನ ಕಾಲುಗಳೂ ಹಾಗೆಯೇ. ಗೋಡೆಯ ಬಿರುಕುಗಳಿಗೆಲ್ಲ ಬಿಳಿ ಸಿಮೆಂಟು ಮೆತ್ತಿತ್ತು, ಒರಟು ಕೆಲಸ, ಹೆಬ್ಬೆರಳಿನ ಗುರುತೂ ಹೋಗಿಲ್ಲ ಎಂದು ಅವಳ ಮನಸ್ಸು ಮೊದಲು ಕಸುಬನ್ನೇ ನೋಡಿತು. ಆಮೇಲೆ ಔಷಧಿಯ ವಾಸನೆ ಬಂತು. ಅದಾದ ಮೇಲೆ, ಅಂಗೈಯಲ್ಲಿ, ತಾನು ತಿಕ್ಕಿ ತೆಗೆದ ಅಮ್ಮನ ಮಂಚದ ನಾಲ್ಕು ಕಾಲುಗಳ ಬುಡದ ಜಿಡ್ಡು.

ತಮ್ಮ ಕೂಸನ್ನು ಭುಜದ ಮೇಲೆ ಹಾಕಿಕೊಂಡು ಬಂದ. ಅವಳ ಮುಖ ನೋಡಿದವನೇ ನಕ್ಕ. ಸಿಕ್ಕಿಬಿದ್ದಾಗ ನಗುವುದು ಅವನ ಚಿಕ್ಕಂದಿನ ಅಭ್ಯಾಸ. ರಜೆಗೆ ಹೋದಾಗ ಉಳಿದ ಲಾಡ್ಜಿನ ಹಾಸಿಗೆಯಿಂದ ತಿಗಣೆಗಳು ಸೂಟ್‌ಕೇಸು ಹತ್ತಿ ಬಂದವಂತೆ. ಅವನು ಅದನ್ನು ಪ್ರವಾಸದ ಕಥೆಯ ಹಾಗೆಯೇ ಹೇಳಿದ: ಅಮ್ಮನ ಮಂಚಕ್ಕೇ ಹೆಚ್ಚು ಹಿಡಿದದ್ದು, ಹಳೇ ಮರ, ಬರೀ ಸಂದಿ, ಔಷಧಿ ಹೊಡೆಯುವವನು ಬಂದವನು ಕೆಲಸಕ್ಕಿಂತ ಮಾತೇ ಜಾಸ್ತಿ ಆಡಿದ, ಕೂಸನ್ನು ಕರೆದುಕೊಂಡು ಇವಳು ತವರಿಗೆ ಹೋಗಿದ್ದಳು. ಈಗ ಒಂದೂ ಇಲ್ಲ ಎಂದು ತಮ್ಮನ ಹೆಂಡತಿ ಸೇರಿಸಿದಳು, ಬಾಗಿಲಿಂದ ಸರಿಯದೆ. ನನಗೊಂದು ಮಾತು ಹೇಳಲಿಲ್ಲವಲ್ಲ ಎಂದಳು ಅವಳು. ದನಿ ತನ್ನದೇ, ಆದರೆ ಎಲ್ಲೋ ಕೆಳಗಿನಿಂದ ಬಂದ ಹಾಗಿತ್ತು. ತಮ್ಮ ಕೂಸಿನ ಬೆನ್ನು ತಟ್ಟುವುದನ್ನು ನಿಲ್ಲಿಸಿದ.

"ಹೇಳೋಣ ಅಂತಾನೇ ಇದ್ದೆ ಅಕ್ಕ. ಅಮ್ಮನೇ ಬೇಡ ಅಂದ್ಲು. ಕೆಳಗೆ ಹೋಗ್ತೀನಿ ಅಂದಿದ್ದೂ ಅವಳೇ. ನಿನ್ನ ಹತ್ರ ಹೋದ್ರೆ ಒಂದು ಹುಳಾನೂ ಬಾಳಲ್ಲ, ನಿಂಗೆ ಅದೇ ಕೆಲ್ಸ ತಾನೆ ಅಂದ್ಲು."

ಅದೇ ಕೆಲಸ. ಅವನು ಹೊಗಳಿಕೆಯ ಹಾಗೆ ಹೇಳಿದ್ದ. ಬಹುಶಃ ಅಮ್ಮನೂ ಹೊಗಳಿಕೆಯ ಹಾಗೆಯೇ ಹೇಳಿದ್ದಳು. ಗಂಡಹೆಂಡಿರು ಕಣ್ಣಲ್ಲೇ ಏನೋ ಮಾತಾಡಿಕೊಂಡರು. ಅಮ್ಮನಿಗೆಂದು ಕಬ್ಬಿಣದ ಹೊಸ ಮಂಚ ಬಂದಿದೆ, ಮುಂದಿನ ವಾರ ಕರೆತರೋಣ ಎಂದಿದ್ದೆವು, ಇನ್ನು ಯಾಕೆ ಅಲ್ಲಿ ಕಚ್ಚಿಸಿಕೊಂಡಿರಬೇಕು, ಇವತ್ತು ಸಂಜೆಯೇ ಬಂದುಬಿಡಲಿ ಎಂದ ತಮ್ಮ. ಹಳೇ ಮಂಚ ನಿನ್ನ ಹತ್ತಿರವೇ ಇರಲಿ, ಬೇಡವೆಂದರೆ ಸುಟ್ಟುಬಿಡು. ಅವಳು ಆಯಿತು ಎಂದಳು. ಹಾಗೆ ಯಾಕೆ ಅಂದಳೋ. ಏನು ಕೇಳಿದರೂ ಆಯಿತು ಎನ್ನುವ ಅಭ್ಯಾಸ ಬಾಯಿಗಿತ್ತು. ಮೆಟ್ಟಿಲಿಳಿಯುವಾಗ ಬ್ಯಾಗು ಮರೆತದ್ದು ನೆನಪಾಯಿತು. ಮತ್ತೆ ಹತ್ತಿ ಹೋಗಿ ತೆಗೆದುಕೊಂಡಳು. ಬಾಗಿಲು ಆಗಲೇ ಹಾಕಿತ್ತು.

ಅಮ್ಮ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ಊಟವಾದ ಮೇಲೆ ಹಲ್ಲಿನ ಸೆಟ್ಟನ್ನು ತೆಗೆದು ಲೋಟದ ನೀರಿನಲ್ಲಿ ಹಾಕಿಡುತ್ತಿದ್ದಳು. ಲೋಟ ಗೂಡಿನಲ್ಲಿತ್ತು, ಕೈಗೆಟುಕದಷ್ಟು ದೂರ. ಇಷ್ಟು ಬೇಗ ಬಂದೆಯಲ್ಲ ಎಂದು ಕೇಳಲು ಬಾಯಿ ತೆರೆದವಳು ಮಗಳ ಮುಖ ನೋಡಿ ಲೋಟದ ಕಡೆ ಕೈ ಮಾಡಿದಳು. ಕೊಡು ಎಂಬ ಸನ್ನೆ. ಅವಳು ಲೋಟವನ್ನು ಎತ್ತಿಕೊಂಡಳು, ಕೊಡಲಿಲ್ಲ. ನೀರಿನೊಳಗೆ ತಾನು ಮಾಡಿದ ಹಲ್ಲುಗಳು ದೊಡ್ಡದಾಗಿ ಕಾಣುತ್ತಿದ್ದವು, ಗುಲಾಬಿ ವಸಡು, ಬೇಕೆಂದೇ ಸೊಟ್ಟ ಮಾಡಿದ ಆ ಒಂದು. ಬೆವರುಸಾಲೆ ಎಂದದ್ದು ಈ ಹಲ್ಲುಗಳು. ಇನ್ನು ನಿನ್ನ ಜೊತೆನೇ ಎಂದದ್ದೂ ಇವೇ. ಹಲ್ಲು ಹಾಕಿಕೊಂಡರೆ ಅಮ್ಮನ ಮಾತು ಮತ್ತೆ ಸರಿಯಾಗಿ ಕೂತುಬಿಡುತ್ತದೆ, ಒಂದರ ಪಕ್ಕ ಒಂದು.

"ನಿಂಗೆ ಗೊತ್ತಿತ್ತಾ?"

ಅಮ್ಮ ಕೈ ಇಳಿಸಿದಳು. ಹಲ್ಲಿಲ್ಲದ ಬಾಯಿ ಒಳಕ್ಕೆ ಹೋಗಿ ಮುಖ ಬೇರೆ ಯಾರದೋ ಆಗಿತ್ತು, ಅವಳ ಮೇಜಿಗೆ ದಿನವೂ ಬರುವ ಹೆಸರಿಲ್ಲದ ದವಡೆಗಳಲ್ಲಿ ಒಂದು.

"ಗೊತ್ತಿತ್ತು," ಎಂದಳು. "ಅಲ್ಲಿ ಕೂಸಿದೆ ಕಣೆ. ನೀನು ಗಟ್ಟಿ."

ಗಟ್ಟಿ ಎಂಬ ಮಾತನ್ನು ಅವಳು ಎಷ್ಟು ಕಡೆ ಕೇಳಿದ್ದಳು. ಕಾಯಿಲೆ ಬಿದ್ದ ಅಪ್ಪನ ಹಾಸಿಗೆ ತೊಳೆಯುವಾಗ ಅವಳು ಗಟ್ಟಿ. ತಮ್ಮನ ಮದುವೆಯಲ್ಲಿ ಎಲ್ಲರ ಹಿಂದೆ ನಿಂತು ಪಾತ್ರೆ ಎಣಿಸುವಾಗ ಅವಳು ಗಟ್ಟಿ. ಚಿಕ್ಕವಳಿದ್ದಾಗ ನಾಯಿ ಬೆನ್ನಟ್ಟಿದ ದಿನ ಅಮ್ಮ ತಮ್ಮನನ್ನು ಎತ್ತಿಕೊಂಡು ಓಡಿದ್ದಳು, ಹಿಂದಿರುಗಿ ನೋಡಿ ನೀನು ಓಡ್ತೀಯಲ್ಲ ಎಂದಿದ್ದಳು, ಅವಳು ಓಡಿದ್ದಳು, ನಿಜಕ್ಕೂ ಚೆನ್ನಾಗಿ ಓಡಿದ್ದಳು. ನಾನೇ ತಂದೆ ಅಂದುಕೊಂಡಿದ್ದೆನಮ್ಮ, ಬೆರಳು ಸುಟ್ಟುಕೊಂಡೆ, ನೀನು ನೋಡಿದೆ, ನೋಡಿ ಸುಮ್ಮನಿದ್ದೆ ಎಂದು ಅವಳು ಹೇಳಿದಳು, ಅಥವಾ ಅದರಲ್ಲಿ ಅರ್ಧ ಹೇಳಿದಳು. ಅಮ್ಮ ಕಿಟಕಿಯ ಜಾಲರಿಯನ್ನು ನೋಡುತ್ತಿದ್ದಳು.

"ಹೇಳಿದ್ರೆ ಒಳಗೆ ಬಿಡ್ತಿದ್ಯಾ?"

ಕುಟುಕುವ ದನಿಯಲ್ಲ, ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು. ಅವಳು ಆ ಬೆಳಿಗ್ಗೆಯನ್ನು ಮತ್ತೆ ನೋಡಿದಳು: ಮೆಟ್ಟಿಲ ಬುಡದಲ್ಲಿ ಮಂಚ, ಮಂಚದ ಹಿಂದೆ ಅಮ್ಮ, ಹೊಸ್ತಿಲಲ್ಲಿ ತಾನು. ತಿಗಣೆ ಇದೆ ಕಣೆ ಎನ್ನುತ್ತಾಳೆ ಅಮ್ಮ. ನಾನು ಏನು ಮಾಡುತ್ತೇನೆ? ಮಂಚ ಹೊರಗಿರಲಿ ಎನ್ನುತ್ತೇನೆ. ಬಟ್ಟೆಗಂಟು ಬಿಸಿಲಿಗೆ ಹಾಕೋಣ ಎನ್ನುತ್ತೇನೆ. ನೀನು ಸ್ವಲ್ಪ ನಿಲ್ಲು ಎನ್ನುತ್ತೇನೆ, ಎಷ್ಟು ಹೊತ್ತು ಎಂದು ಹೇಳುವುದಿಲ್ಲ. ಕೊನೆಗೆ ಒಳಗೆ ಕರೆಯುತ್ತೇನೆ, ಖಂಡಿತ ಕರೆಯುತ್ತೇನೆ. ಆದರೆ ಎಷ್ಟು ಬಾರಿ ನೋಡಿದರೂ ಅಮ್ಮ ಹೊಸ್ತಿಲಾಚೆಯೇ ನಿಂತಿದ್ದಳು, ಕಂಬಿ ಹಿಡಿದು. ಅವಳು ಲೋಟವನ್ನು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಆ ಕಡೆ ತಿರುಗಿ ಹಲ್ಲು ಹಾಕಿಕೊಂಡಳು. ತಿರುಗಿದಾಗ ಮತ್ತೆ ಅಮ್ಮನಾಗಿದ್ದಳು. "ಇಲ್ಲಿ ಚೆನ್ನಾಗಿತ್ತು ಕಣೆ," ಎಂದಳು, ನೆಂಟರ ಮನೆಯಿಂದ ಹೊರಡುವವರು ಹೇಳುವ ಹಾಗೆ.

ಸಂಜೆಯವರೆಗೂ ಇಬ್ಬರೂ ಅದೇ ಕೋಣೆಯಲ್ಲಿದ್ದರು. ಅಮ್ಮ ಶಾಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಹೊರಡುವವರು ಹಾಗೆ ಮಡಿಸುವುದಿಲ್ಲ. ಏನನ್ನೋ ಕಾಯುವವರು ಮಡಿಸುತ್ತಾರೆ. ಇಲ್ಲೇ ಇರು. ಎರಡೇ ಮಾತು. ಅಷ್ಟು ಹೇಳಿದರೆ ಅಮ್ಮ ಇರುತ್ತಾಳೆ ಎಂದು ಒಂದು ಕ್ಷಣ ಅವಳಿಗೆ ಖಂಡಿತವಾಗಿ ಅನ್ನಿಸಿತು. ಮರುಕ್ಷಣ, ಹೇಳಿದ ಮೇಲೂ ಹೊರಟುಬಿಟ್ಟರೆ ಎಂದು ಅನ್ನಿಸಿತು. ಇದ್ದರೂ, ಯಾಕೆ ಇದ್ದಾಳೆ ಎಂದು ಇನ್ನು ಮುಂದೆ ದಿನವೂ ಹುಡುಕಬೇಕು, ಹೊಲಿಗೆ ಬಿಡಿಸಿ ಹುಡುಕಿದ ಹಾಗೆ. ಅವಳು ಎದ್ದು ದೀಪ ಹಾಕಿದಳು. ಅಮ್ಮ ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಎದ್ದಳು.

ಅಮ್ಮ ಮೊದಲ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಮೇಲಿನಿಂದ ತಮ್ಮನ ಹೆಂಡತಿ ಕಂಬಿಯ ಮೇಲೆ ಬಗ್ಗಿದಳು. "ಅತ್ತೆ, ಅಲ್ಲೇ ಬಟ್ಟೆ ಬದಲಾಯಿಸ್ಕೊಂಡು ಬಂದ್ಬಿಡಿ. ಇಕೊಳ್ಳಿ." ಪ್ಲಾಸ್ಟಿಕ್ ಚೀಲವೊಂದು ಮೇಲಿಂದ ಬಿದ್ದು ನಡುಮೆಟ್ಟಿಲಿಗೆ ತಾಗಿ ಅಮ್ಮನ ಕಾಲ ಬುಡಕ್ಕೆ ಜಾರಿತು, ಒಳಗೆ ಒಗೆದು ಮಡಿಸಿದ ನಿಲುವಂಗಿ. ಕೆಳಗಿನ ಮನೆಯೊಳಗೆ ಹೋಗಿ ಬದಲಾಯಿಸಿದರೆ ಮತ್ತೆ ಹುಳು ಅಂಟಿಕೊಳ್ಳುತ್ತದಲ್ಲ, ಅದಕ್ಕೆ ಎಂದು ಆಕೆ ವಿವರಿಸಿದಳು. ಆಕೆಯ ಹಿಂದೆ ತಮ್ಮನ ನೆರಳು ಇತ್ತು. ಬೀದಿಬಾಗಿಲು ತೆರೆದಿತ್ತು. ಕೆಲಸ ಬಿಟ್ಟು ಹೋಗುವವರು, ಸೈಕಲ್ಲುಗಳು, ಎದುರಿನ ಅಂಗಡಿಯ ಬೆಳಕು. ಚಿಲಕ ಕೆಟ್ಟು ಎಷ್ಟೋ ದಿನವಾಗಿದ್ದ ಆ ಬಾಗಿಲನ್ನು ದೂಡಿದರೂ ಮುಚ್ಚಿ ನಿಲ್ಲುತ್ತಿರಲಿಲ್ಲ. ಅಮ್ಮ ಚೀಲವನ್ನು ಎತ್ತಿಕೊಳ್ಳಲಿಲ್ಲ. ಮೇಲೆ ನೋಡಲಿಲ್ಲ. ಮಗಳ ಕಡೆ ನೋಡಿದಳು. ಅಂಥದೇ ಮುಖವನ್ನು ಅವಳು ಈ ಬೆಳಿಗ್ಗೆ ಲ್ಯಾಬಿನಿಂದ ತನ್ನ ಕತ್ತಿನ ಮೇಲೆಯೇ ಹೊತ್ತು ತಂದಿದ್ದಳು.

ಅವಳು ಒಳಗೆ ಹೋಗಿ ಕುದಿಸಿ ಒಣಗಿಸಿದ ಹಾಸಿಗೆಯ ದುಪ್ಪಟಿ ತಂದಳು. ಬೀದಿಗೆ ಬೆನ್ನು ಮಾಡಿ, ಗೋಡೆಯಿಂದ ಕಂಬಿಯವರೆಗೆ ಎರಡೂ ತೋಳು ಚಾಚಿ, ತನ್ನ ತಲೆಗಿಂತ ಎತ್ತರಕ್ಕೆ ಹಿಡಿದಳು. ದುಪ್ಪಟಿಯ ಆಚೆ ಅಮ್ಮನ ಉಸಿರು, ಗುಂಡಿ ಬಿಚ್ಚುವ ಸದ್ದು, ಚೀಲದ ಚರಪರ. ಕಾಲೆತ್ತುವಾಗ ಆಯ ತಪ್ಪಿರಬೇಕು, ಒಂದು ಕೈ ಬಟ್ಟೆಯ ಮೇಲಿಂದಲೇ ಅವಳ ಭುಜವನ್ನು ಹುಡುಕಿ ಹಿಡಿದುಕೊಂಡಿತು. ಎಲುಬಿನ ಕೈ, ಆದರೆ ಭಾರವಿತ್ತು. ಅವಳು ಅಲುಗಾಡದೆ ನಿಂತಳು. ಹಿಂದೆ ಯಾರೋ ನಡಿಗೆ ನಿಧಾನ ಮಾಡಿ, ಮತ್ತೆ ಜೋರು ಮಾಡಿದರು. ಕೈ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇತ್ತೇ, ಇಲ್ಲವೇ? ಆಮೇಲೆ ಅದು ಬಿಟ್ಟುಕೊಂಡಿತು. ಮೆಟ್ಟಿಲಿನಲ್ಲಿ ಒಂದು ಹೆಜ್ಜೆ, ನಿಂತು ಇನ್ನೊಂದು. ಹುಷಾರು ಅತ್ತೆ ಎಂದಳು ತಮ್ಮನ ಹೆಂಡತಿ. ಮೇಲಿನ ಬಾಗಿಲು ತೆರೆದು, ಮುಚ್ಚಿತು.

ತೋಳುಗಳು ಸೋಲುತ್ತಿದ್ದವು. ದುಪ್ಪಟಿಯ ಅಂಚಿನ ಮೇಲಿಂದ ಇಣುಕಿ ನೋಡಿದರೆ ಅಮ್ಮ ಬಿಟ್ಟುಹೋದ ಬಟ್ಟೆ ನೆಲದ ಮೇಲೆ ದುಂಡಗೆ ಕುಸಿದು ಕೂತಿತ್ತು, ಅಮ್ಮ ಕಾಲು ತೆಗೆದ ಎರಡು ಖಾಲಿ ಜಾಗಗಳನ್ನು ಇನ್ನೂ ಹಾಗೆಯೇ ಇಟ್ಟುಕೊಂಡು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಅದು ಯಾರಿಗೂ ಕಾಣದಿರಲೆಂದು ಅವಳು ದುಪ್ಪಟಿಯನ್ನು ಇನ್ನೂ ಸ್ವಲ್ಪ ಮೇಲೆತ್ತಿ ಹಿಡಿದಳು.